ಒಳಗೇ ಉಳಿದ ಹಾಡು

ಇವತ್ತು ಬೆಳಿಗ್ಗೆ ಗಂಡನನ್ನು ಕೆಲಸಕ್ಕೆ, ಮಗಳನ್ನು ಶಾಲೆಗೆ ಕಳುಹಿಸಿ, ದೋಸೆಯ ಕಾವಲಿ ಒರೆಸಿಟ್ಟು ಹೊಲಿಗೆ ಮೆಷಿನಿನ ಮುಂದೆ ಕುಳಿತೆ. ಮಗಳ ಯೂನಿಫಾರ್ಮಿನ ಅಂಚು ಬಿಟ್ಟುಹೋಗಿತ್ತು. ಚಕ್ರ ಕಿರುಗುಟ್ಟಿದ್ದರಿಂದ ಒಂದು ಹನಿ ಎಣ್ಣೆ ಬಿಟ್ಟೆ. ಪಕ್ಕದಲ್ಲೇ ಮಗಳ ಟ್ಯಾಬ್ ಇತ್ತು. ಅದರ ಮೆಮೊರಿ ಕಾರ್ಡ್ ಸಿಕ್ಕಿಹಾಕಿಕೊಂಡಿದೆ, ನೋಡಮ್ಮ ಎಂದು ಹೇಳಿ ಹೋಗಿದ್ದಳು. ಎಣ್ಣೆಯ ಕುಪ್ಪಿ ಹಿಡಿದ ಕೈ ತನ್ನಷ್ಟಕ್ಕೆ ಅತ್ತ ಹೋಯಿತು, ಅಲ್ಲೇ ನಿಂತಿತು. ಸೀಮೆಎಣ್ಣೆಯ ಹಾಗಿನ ಆ ತೆಳು ವಾಸನೆ... ಟೈಲರಕ್ಕನ ಮನೆಯ ವಾಸನೆ.

ಮದುವೆಯಾದ ಹೊಸದರಲ್ಲಿ ನಾವು ಕಡಬದಲ್ಲಿ ಬಾಡಿಗೆಗಿದ್ದೆವು. ನಮ್ಮ ಗೋಡೆಗೆ ತಾಗಿದ ಮನೆ ಅವರದು. ಬ್ಯಾರಿ ಮುಸ್ಲಿಮರು, ಗಂಡ ಇರಲಿಲ್ಲ, ಒಬ್ಬಳೇ ಮಗಳು. ಊರಿನ ಹೆಂಗಸರ ರವಿಕೆಗಳೆಲ್ಲ ಅವರ ಕಿಟಕಿಯ ಸರಳಿನಲ್ಲಿ ತೂಗುತ್ತಿದ್ದವು. ಮಾತಾಡುವಾಗ ತುಟಿಯ ಮೂಲೆಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಇರುತ್ತಿದ್ದರು. ಅದು ಗಂಟಲಿಗೆ ಹೋದೀತೆಂದು ನನಗೆ ಸದಾ ಹೆದರಿಕೆ.

ಅವರ ತಾಯಿ ಹಾಡುವವರು. ಕಡಬ, ಪಂಜ, ಕೋಡಿಂಬಾಳದ ಎಷ್ಟೋ ಮನೆಗಳಲ್ಲಿ ಮದರಂಗಿಯ ದಿನ ಅವರು ಬಂದು ಕುಳಿತ ಮೇಲೆಯೇ ಬಣ್ಣ ಹಚ್ಚಲು ಮದುಮಗಳ ಕೈ ಹಿಡಿಯುತ್ತಿದ್ದದ್ದಂತೆ. ಆದರೆ ಹಾಡು ಒಳಗೆ, ಹೆಂಗಸರ ನಡುವೆ ಮಾತ್ರ. ಟೈಲರಕ್ಕನ ತಮ್ಮ ದುಬೈಯಿಂದ ತಂದುಕೊಟ್ಟಿದ್ದ, ಅಂಗೈಯಷ್ಟಗಲದ ರೆಕಾರ್ಡರಿಗೆ ಮುದುಕಿ ಒಮ್ಮೆ ಹಾಡಿಕೊಟ್ಟಿದ್ದರು. ಗಂಡಸರ ಕಿವಿಗೆ ಬೀಳಬಾರದು ಎಂದು ಮೊದಲೇ ಮಗಳಿಂದ ಮಾತು ತೆಗೆದುಕೊಂಡಿದ್ದರು. ಆ ವರ್ಷದ ಮಳೆಗಾಲಕ್ಕೆ ಮುಂಚೆ ಅವರು ತೀರಿಕೊಂಡರು.

ಮಳೆ ಬಿಟ್ಟ ಮೇಲೆ ಮೊಮ್ಮಗಳ ಮದುವೆ ನಿಶ್ಚಯವಾಯಿತು. ಮದರಂಗಿಗೆ ಅಜ್ಜಿಯ ಹಾಡೇ ಬೇಕೆಂದು ಹುಡುಗಿ ಹಟ ಹಿಡಿದಳು. ರೆಕಾರ್ಡರಿನ ಮೆಮೊರಿ ಕಾರ್ಡನ್ನು ತೆಗೆದು ತನ್ನ ಫೋನಿಗೆ ಹಾಕಿದರೆ ದೊಡ್ಡ ಸ್ಪೀಕರಿನಲ್ಲಿ ಕೇಳಿಸಬಹುದು ಎಂದು ಅವಳ ಲೆಕ್ಕ. ಕಾರ್ಡ್ ಹೊರಗೆ ಬರಲಿಲ್ಲ. ಬಾಬಿನ್ ಬಿಗಿಯಾದಾಗ ಮಾಡುವ ಹಾಗೆ ಟೈಲರಕ್ಕ ಅದರ ಬಾಯಿಗೆ ಮೆಷಿನ್ ಎಣ್ಣೆ ಬಿಟ್ಟರು. ಬಟ್ಟೆಯ ಜುಂಗು ಎಣ್ಣೆಗೆ ಅಂಟಿ, ಅಲ್ಲಿಯವರೆಗೆ ಹಾಡುತ್ತಿದ್ದ ರೆಕಾರ್ಡರೂ ಬಾಯಿ ಮುಚ್ಚಿತು.

ಆ ಮಧ್ಯಾಹ್ನ ಅವರು ಅದನ್ನು ಸೆರಗಿನ ಅಡಿಯಲ್ಲಿಟ್ಟುಕೊಂಡು ನಮ್ಮ ಹಿಂಬಾಗಿಲಿಗೆ ಬಂದರು. ಪೇಟೆಯ ಮೊಬೈಲ್ ಅಂಗಡಿಯ ಹುಡುಗನಿಗೆ ಕೊಡಬಹುದಲ್ಲ, ಹಾಡು ಕೇಳದೆ ಕಾರ್ಡ್ ಮಾತ್ರ ತೆಗೆದುಕೊಡು ಎಂದರಾಯಿತು ಎಂದೆ.

"ಸರಿಯಾಯ್ತಾ ಅಂತ ಕೇಳಿ ನೋಡದೆ ಅವ ಕೊಡ್ತಾನಾ?" ಎಂದರು. "ನಾನು ರವಿಕೆ ಹೊಲಿದು, ಹಾಕಿಸಿ ನೋಡದೆ ಕೊಡುದುಂಟಾ?"

ನಾನು ಅವರ ಜೊತೆಗೇ ಅವರ ಮನೆಗೆ ಹೋದೆ. ಬಟ್ಟೆ ಕತ್ತರಿಸುವ ಅವರ ಮೇಜಿನ ಮೇಲೆ, ರೆಕಾರ್ಡರನ್ನು ಕಿಟಕಿಯ ಬೆಳಕಿಗೆ ಹಿಡಿದು ಕುಳಿತೆವು. ಕಪ್ಪು ಹಿಟ್ಟಿನಂತಾದ ಜುಂಗನ್ನು ಸೂಜಿಯ ತುದಿಯಿಂದ ಎಳೆಎಳೆಯಾಗಿ ತೆಗೆದೆ. ನನ್ನ ಕೈಯಿಂದ ಸೂಜಿ ಜಾರಿದ್ದನ್ನು ನೋಡಿ ಅವರು, "ಕಾನ್ವೆಂಟಿನಲ್ಲಿ ಎಂತ ಕಲಿಸಿದ್ದು ಮಾರಾಯ್ತಿ, ಸೂಜಿ ಹಿಡಿಯುದು ಸಹ ಇಲ್ವಾ?" ಎಂದು ಕೆಣಕಿದರು. ಇಬ್ಬರೂ ನಕ್ಕೆವು. ಕಾರ್ಡಿನ ನೀಲಿ ಅಂಚು ಕಂಡಿತು. ಒತ್ತಿದರೆ ಒಳಗಿನ ಸ್ಪ್ರಿಂಗ್ ಟಿಕ್ಕೆನ್ನುತ್ತಿತ್ತು, ಕಾರ್ಡ್ ಮಾತ್ರ ಓರೆಯಾಗಿ ಕಚ್ಚಿಕೊಂಡು ಕದಲುತ್ತಿರಲಿಲ್ಲ. ಚಿಮ್ಮಟದಿಂದ ಎಳೆದಾಗ ಅಂಚಿನ ಒಂದು ಚೂರು ಎದ್ದು ಬಂತು... ಉಗುರಿನ ಸಿಪ್ಪೆಯಷ್ಟು.

ಅವರು ನನ್ನ ಮಣಿಕಟ್ಟು ಹಿಡಿದರು. ನಗು ಇರಲಿಲ್ಲ.

"ಸಾಕು. ತುಂಡಾದರೆ ಅದೂ ಇಲ್ಲ. ಈಗ ಒಳಗೆ ಉಂಟು ಅಂತ ಆದರೂ ಉಂಟಲ್ಲ."

ಸಂಜೆ ಗೋಡೆಯಾಚೆ ಅವರ ಮಗಳು ಅಳುವುದು ಕೇಳಿಸಿತು. ಮರುದಿನ ಬಾವಿಕಟ್ಟೆಯಲ್ಲಿ ಸಿಕ್ಕಿದವಳು, ಸತ್ತವರಿಗೆ ಕೊಟ್ಟ ಮಾತಿಗಾಗಿ ಇರುವವಳನ್ನು ಅಳಿಸುವುದು ಸರಿಯಾ, ನೀವೇ ಹೇಳಿ ಅಕ್ಕ ಎಂದು ಕೇಳಿದಳು. ಅವಳು ಹೇಳಿದ್ದೂ ನನಗೆ ಸರಿಯೆನಿಸಿತು. ತಾಯಿಯದೂ ಸರಿಯೆನಿಸಿತು. ಕೊಡಪಾನ ತುಂಬಿ ಚೆಲ್ಲುವವರೆಗೆ ನೀರು ಸೇದಿ ಹೊಯ್ಯುತ್ತಲೇ ಇದ್ದೆ.

ಮದರಂಗಿಗೆ ಯಾರದೋ ಫೋನಿನ ಹಾಡುಗಳನ್ನೇ ಜೋರಾಗಿ ಹಾಕಿದರು. ಹುಡುಗಿ ಎರಡೂ ಕೈ ಚಾಚಿ, ಮುಖವನ್ನು ಬೇರೆ ಕಡೆ ತಿರುಗಿಸಿ ಕುಳಿತಿದ್ದಳು. ಟೈಲರಕ್ಕ ಅವಳ ಬೆನ್ನ ಹಿಂದೆ ಇದ್ದರು. ಅವರ ತುಟಿ ಅಲುಗುತ್ತಿತ್ತು, ಸ್ಪೀಕರಿನಲ್ಲಿ ಬರುತ್ತಿದ್ದ ಹಾಡಿಗಲ್ಲ. ಅಷ್ಟು ಹತ್ತಿರ ಕುಳಿತಿದ್ದ ನನಗೂ ಒಂದು ಶಬ್ದ ಕೇಳಿಸಲಿಲ್ಲ.

ಆಮೇಲೆ ನಾವು ಪುತ್ತೂರಿಗೆ ಬಂದೆವು. ಫೋನಿನಲ್ಲಿ ಮಾತಾಡುವಾಗೆಲ್ಲ ಆ ರೆಕಾರ್ಡರಿನ ವಿಷಯ ಬಾಯಿಗೆ ಬರುತ್ತಿತ್ತು, ಕೇಳಲು ಧೈರ್ಯವಾಗುತ್ತಿರಲಿಲ್ಲ. ಹೋದ ವರ್ಷ ಟೈಲರಕ್ಕ ತೀರಿಕೊಂಡಾಗ ಹೋಗಿದ್ದೆ. ಅವರ ಮಗಳು ಗಲ್ಫಿನಿಂದ ಬಂದಿದ್ದಳು, ಕಣ್ಣು ಊದಿತ್ತು. ನಾನು ಕೇಳುವ ಮೊದಲೇ, ಕಪಾಟು, ಪೆಟ್ಟಿಗೆ, ಮೆಷಿನಿನ ಡ್ರಾಯರ್ ಎಲ್ಲ ಹುಡುಕಿದೆ ಅಕ್ಕ, ಎಲ್ಲಿಯೂ ಇಲ್ಲ ಎಂದಳು. ಆ ಮುದುಕಿಯ ದನಿ ಹೇಗಿತ್ತೆಂದು ಈಗ ನೆನಪಿಸಿಕೊಳ್ಳಲು ಕುಳಿತರೆ... ನಾನು ಅದನ್ನು ಒಮ್ಮೆಯೂ ಕೇಳಿರಲೇ ಇಲ್ಲ.

ಇವತ್ತು ಯೂನಿಫಾರ್ಮಿನ ಅಂಚು ಹಾಗೇ ಉಳಿಯಿತು. ಸಂಜೆ ಟ್ಯಾಬ್ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದೆ. ಪಕ್ಕದ ಮನೆಯವರು ಒಣಗಿದ ಬಟ್ಟೆ ತೆಗೆಯುತ್ತಾ ಬೇಲಿಯಾಚೆಯಿಂದ ಎಂತ ಆಯಿತೆಂದು ವಿಚಾರಿಸಿದರು. ಕಾರ್ಡ್ ಸಿಕ್ಕಿಕೊಂಡಿದೆ ಎಂದೆ.

"ಅದಕ್ಕೆ ಎಂತ ತಲೆಬಿಸಿ ಮಾರಾಯ್ರೆ," ಎಂದರು, ಕ್ಲಿಪ್ಪುಗಳನ್ನು ಬುಟ್ಟಿಗೆ ಹಾಕುತ್ತಾ. "ಬಸ್‌ಸ್ಟ್ಯಾಂಡಿನ ಹತ್ತಿರ ಹೊಸ ಅಂಗಡಿ ಆಗಿದೆ, ಅಲ್ಲಿ ಕೊಡಿ. ರಿಪೇರಿ ಮಾಡುದು ಒಂದು ಹುಡುಗಿ."