ಮಂದಿ ಅಲ್ಲ, ಮಂದೆ

ಬೆಳಗಿನ ಐದೂಕಾಲು. ಸಂಜೆಪತ್ರಿಕೆಯ ಕಚೇರಿಯ ಶಟರು ಅರ್ಧ ಮಾತ್ರ ಮೇಲೆದ್ದಿದೆ. ಅದರ ಕೆಳಗೆ ಬಗ್ಗಿ ಒಳಗೆ ಬರುವ, ಕರಡು ತಿದ್ದುವ ಕರಡಕ್ಕ, ಬಂದವರೇ ಒಮ್ಮೆ ತಿರುಗಿ ಬೀದಿಯ ಎರಡೂ ತುದಿ ನೋಡುತ್ತಾರೆ. ಬೀದಿಯಲ್ಲಿ ಹಾಲಿನ ವ್ಯಾನು ಬಿಟ್ಟರೆ ಬೇರೇನಿಲ್ಲ. ಇಪ್ಪತ್ತಾರು ವರ್ಷದಿಂದ ಇದೇ ಹೊತ್ತಿಗೆ ಇದೇ ಬಾಗಿಲಲ್ಲಿ ಬರುತ್ತಿದ್ದಾರೆ. ತಿರುಗಿ ನೋಡುವ ಅಭ್ಯಾಸ ಮಾತ್ರ ಹೊಸದು, ಹದಿನೆಂಟು ದಿನದ್ದು.

ಅವರ ಮೇಜು ಮೊದಲು ಕಿಟಕಿಯ ಪಕ್ಕದಲ್ಲಿತ್ತು. ಈಗ ಕಂಬದ ಹಿಂದಿದೆ. "ಬೆಳಕು ಕಮ್ಮಿ. ಆದ್ರೆ ಬೀದಿಗೆ ಕಾಣಲ್ಲ" ಎನ್ನುತ್ತಾರೆ. ಮೇಜಿನ ಮೇಲೆ ಎರಡು ಕೆಂಪು ಪೆನ್ನು, ಬೆನ್ನು ಕಿತ್ತುಹೋದ ನಿಘಂಟು, ಮರದ ಅಡಿಪಟ್ಟಿ, ಚಹಾದ ಲೋಟ. ಪ್ರಿಂಟರಿನಿಂದ ಮೊದಲ ಪುಟದ ಕರಡು ಬೆಚ್ಚಗೇ ಬರುತ್ತದೆ. ಅಡಿಪಟ್ಟಿಯನ್ನು ಸಾಲಿನ ಕೆಳಗಿಟ್ಟು ತುಟಿ ಅಲುಗಿಸುತ್ತ ಓದತೊಡಗುತ್ತಾರೆ. ಸಾಲು ಮುಗಿದಂತೆ ಪಟ್ಟಿ ಒಂದು ಬೆರಳಿನಷ್ಟು ಕೆಳಗೆ ಸರಿಯುತ್ತದೆ. ಪುಟ ಮುಗಿದರೆ ಮೂಲೆಯಲ್ಲೊಂದು ಪುಟ್ಟ ಸಹಿ.

ದಿನಕ್ಕೆ ಎಂಟು ಪುಟ, ಸುಮಾರು ಹದಿನಾಲ್ಕು ಸಾವಿರ ಪದ, ನೂರೈವತ್ತಕ್ಕೆ ಕಡಿಮೆಯಿಲ್ಲದ ತಪ್ಪು. ಹನ್ನೊಂದು ಗಂಟೆಗೆ ಎಲ್ಲ ಪುಟ ಅಚ್ಚಿಗೆ ಹೋಗಬೇಕು. ಕರಡು ವಿಭಾಗದಲ್ಲಿ ಒಂದು ಕಾಲಕ್ಕೆ ಐವರಿದ್ದರು. ತಪ್ಪು ಹಿಡಿಯುವ ತಂತ್ರಾಂಶ ಬಂದ ಮೇಲೆ ಒಬ್ಬೊಬ್ಬರಾಗಿ ಕರಗಿ ಈಗ ಇವರೊಬ್ಬರೇ ವಿಭಾಗ. ವರದಿಗಾರರು ಪ್ರೀತಿಗೆ ಕರಡಕ್ಕ ಅನ್ನುತ್ತಾರೆ, ಸಿಟ್ಟು ಬಂದಾಗ ಕರಡಿ. "ಕರಡಿ ಕೈಗೆ ಸಿಕ್ಕ ಸುದ್ದಿ, ಮೈತುಂಬ ಗಾಯ" ಎಂಬುದು ಕಚೇರಿಯ ಹಳೇ ಗಾದೆ. 'ಮಂತ್ರಿಗಳ ಕರುವಿಗೆ ಲಾರಿ ಡಿಕ್ಕಿ' ಎಂಬ ತಲೆಬರಹವನ್ನು ಅಚ್ಚಿಗೆ ಹತ್ತು ನಿಮಿಷ ಇದ್ದಾಗ ಹಿಡಿದು ಕಾರು ಮಾಡಿದವರು ಇವರೇ.

"ತಪ್ಪು ಉಳಿದ್ರೆ ಎಲ್ರಿಗೂ ನಾನು ನೆನಪಾಗ್ತೀನಿ. ಉಳೀಲಿಲ್ಲ ಅಂದ್ರೆ ನಾನು ಇದ್ದೀನಿ ಅಂತ್ಲೇ ಗೊತ್ತಾಗಲ್ಲ. ನಂಗೂ ಅದೇ ಇಷ್ಟ" ಎನ್ನುತ್ತಾರೆ ಐವತ್ಮೂರರ ಕರಡಕ್ಕ. ಆ ಇಷ್ಟ ಈಗ ಕೈತಪ್ಪಿದೆ. ಬರುವ ಸೋಮವಾರ ಅವರು ನ್ಯಾಯಾಲಯದಲ್ಲಿ ಸಾಕ್ಷಿ ನಿಲ್ಲಬೇಕು. ಹೇಳಬೇಕಾದದ್ದು ಇಷ್ಟೇ: ಇಡೀ ದೇಶ ಚರ್ಚಿಸುತ್ತಿರುವ ಆ ಸುದ್ದಿ ನನ್ನ ಪೆನ್ನಿನ ತಪ್ಪು.

ಪೇಟೆಯಿಂದ ಬಸ್ಸಿನಲ್ಲಿ ಎರಡು ಗಂಟೆ ದೂರದಲ್ಲಿ ಬೇಲಿಯಿದೆ. ಬೇಲಿಯಾಚೆಯ ಹುಲ್ಲುಗಾವಲು ಯಾರದು ಎಂಬ ಜಗಳಕ್ಕೆ ನಲವತ್ತು ವರ್ಷ. ಕುರಿಗಾಹಿಗಳು ಅಲ್ಲಿ ಮೇಯಿಸಬಹುದು ಎಂದು ಕಾಗದ ಹೇಳುತ್ತದೆ. ಕಾಗದ ಓದದ ಬಂದೂಕುಗಳೂ ಅಲ್ಲಿವೆ. ಹಾಗಾಗಿ ದೂರದ ದೇಶಗಳಿಂದ ಬಂದ ಹನ್ನೆರಡು ಮಂದಿ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು ದಿನಾ ಕುರಿಗಾಹಿಗಳ ಜೊತೆ ನಡೆಯುತ್ತಾರೆ. ಹೊರಗಿನ ಕಣ್ಣು ನೋಡುತ್ತಿದ್ದರೆ ಗುಂಡು ಹಾರುವುದು ಕಡಿಮೆ ಎಂಬುದು ಅವರ ನಂಬಿಕೆ. ಬೆಟ್ಟದವರು ಅವರನ್ನು 'ಜೊತೆಯವರು' ಅನ್ನುತ್ತಾರೆ. ಟೀವಿಯವರು 'ಬಾಡಿಗೆ ಹೋರಾಟಗಾರರು' ಅನ್ನುತ್ತಾರೆ, 'ಗಲಭೆ ಪ್ರವಾಸಿಗರು' ಅನ್ನುತ್ತಾರೆ.

ಇಪ್ಪತ್ತೇಳು ದಿನದ ಹಿಂದೆ ಬೇಲಿಯ ಬಳಿ ಕಾವಲಿನವನೊಬ್ಬ ಕುರಿಗಳತ್ತ ಬಂದೂಕು ಎತ್ತಿದ. ಜೊತೆಯವರಲ್ಲಿ ಒಬ್ಬಳು, ಉದ್ದ ಕಾಲಿನವಳು, ಅಡ್ಡ ಹೋಗಿ ನಿಂತಳು. ಗುಂಡು ಹಾರಲಿಲ್ಲ. ಸಂಜೆಪತ್ರಿಕೆಯ ವರದಿಗಾರ ಅಲ್ಲಿದ್ದ ಮುದಿ ಕುರಿಗಾಹಿಯ ಮಾತನ್ನು ಇದ್ದ ಹಾಗೇ ಬರೆದು ಕಳಿಸಿದ: 'ಅವಳು ಅಡ್ಡ ನಿಂತಳು. ಅವಳ ಮರೆಯಲ್ಲಿ ಮಂದೆ ದಾಟಿತು.'

ಮಂದೆ ಅಂದರೆ ಕುರಿಹಿಂಡು. ಕರಡಕ್ಕನ ಪೆನ್ನು ಆ ಸಾಲಿಗೆ ಬಂದಾಗ 'ದೆ'ಯನ್ನು ಹೊಡೆದು ಪಕ್ಕದಲ್ಲಿ 'ದಿ' ಬರೆಯಿತು. ಎತ್ವ ಹೋಗಿ ಗುಡಿಸು ಬಂತು. ಹಿಂಡು ಹೋಗಿ ಜನ ಬಂದರು. ಅವಳ ಮರೆಯಲ್ಲಿ ಮಂದಿ ದಾಟಿತು.

"ಯೋಚನೇನೇ ಮಾಡ್ಲಿಲ್ಲ" ಎನ್ನುತ್ತಾರೆ. "ಆ ತಿಂಗಳೆಲ್ಲ ನಮ್ಮ ಪೇಪರಲ್ಲೂ ಅದೇ ಓದಿದ್ದೆ. ಬೇಲಿ ದಾಟಿದರು, ನುಸುಳಿದರು, ವಿದೇಶಿಯರ ನೆರವು. ದಿನಾ ಹತ್ತು ಸಲ. ಬೇಲಿ ಅಂದ್ರೆ ದಾಟೋದು ಮನುಷ್ಯರೇ ಅಂತ ನನ್ನ ಕೈ ಮೊದಲೇ ನಂಬಿಬಿಟ್ಟಿತ್ತು. ಟೀವಿಯವರಿಗೆ ಬೈಯೋ ಹಕ್ಕು ನಂಗಿಲ್ಲ. ಅವರಿಗೆ ಬೀಜ ಕೊಟ್ಟೋಳು ನಾನು."

ಬೀಜ ಮೊಳೆಯಲು ಹೆಚ್ಚು ದಿನ ಬೇಕಾಗಲಿಲ್ಲ. ಮರುದಿನ ಒಂದು ಟೀವಿ ವಾಹಿನಿ ಆ ಸಾಲನ್ನು ಎತ್ತಿಕೊಂಡು 'ಯಾವ ಮಂದಿ?' ಎಂದು ಕೇಳಿತು. ಅದರ ಮರುದಿನ ಇನ್ನೊಂದು ವಾಹಿನಿಯಲ್ಲಿ ಮಂದಿ 'ಶಸ್ತ್ರಧಾರಿಗಳು' ಆದರು. ಮೂರನೆಯ ದಿನಕ್ಕೆ ಅವರ ಸಂಖ್ಯೆಯೂ ಬಂತು: ಮೂವತ್ತೆಂಟು. ದಾಟಿದ್ದು ಏನು ಎಂದು ಮುದುಕನನ್ನು ಯಾವ ವಾಹಿನಿಯೂ ಕೇಳಲಿಲ್ಲ. ಐದನೆಯ ದಿನ ಉದ್ದ ಕಾಲಿನವಳ ಬಂಧನವಾಯಿತು. ನುಸುಳುಕೋರರಿಗೆ ಮರೆಯಾದ ಆರೋಪ. ಸಾಬೀತಾದರೆ ಹತ್ತು ವರ್ಷ.

ಕರಡಕ್ಕನ ಮನೆಯಲ್ಲಿ ಟೀವಿ ಅತ್ತೆಯ ಸುಪರ್ದಿಯಲ್ಲಿದೆ. ಗಂಡ ರೈಲು ಇಲಾಖೆಯವರು, ದೂರದ ನಿಲ್ದಾಣದಲ್ಲಿ ಕೆಲಸ, ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಾರೆ. ಬಂಧನದ ಸಂಜೆ ಅತ್ತೆ ಸೊಸೆಯನ್ನು ಕೂಗಿ ಕರೆದರು.

"ಬಾರೇ ಇಲ್ಲಿ, ನಿಮ್ಮ ಪೇಪರಿನ ಹೆಸರು ಹೇಳ್ತಿದ್ದಾರೆ. ಆ ಮುದುಕನೇ ಬಾಯಿಬಿಟ್ಟನಂತೆ, ಅವಳ ಮರೆಯಲ್ಲಿ ಮಂದಿ ದಾಟಿತು ಅಂತ."

ಪರದೆಯ ಮೇಲೆ ಆ ಸಾಲು ದೊಡ್ಡ ಅಕ್ಷರದಲ್ಲಿ ಉರುಳುತ್ತಿತ್ತು. ಪಕ್ಕದಲ್ಲೇ ಮುದುಕನ ಚಿತ್ರ, ಅವನ ಹಿಂದೆ ಕುರಿಗಳು. ಕರಡಕ್ಕ ಕುರಿಗಳನ್ನು ನೋಡಿದರು, ಸಾಲನ್ನು ಓದಿದರು, ಮತ್ತೆ ಕುರಿಗಳನ್ನು ನೋಡಿದರು.

ಮರುದಿನ ಐದು ಗಂಟೆಗೇ ಕಚೇರಿಗೆ ಹೋಗಿ ಮೆಟ್ಟಿಲ ಕೆಳಗಿನ ಗೋಣಿಚೀಲ ಬಿಚ್ಚಿದರು. ಹಳೆಯ ಕರಡುಗಳನ್ನು ಮೂರು ತಿಂಗಳು ಇಡಬೇಕೆಂಬ ನಿಯಮವನ್ನು ಆ ಕಚೇರಿಯಲ್ಲಿ ಪಾಲಿಸುವವರು ಅವರೊಬ್ಬರೇ. ಕಂಪ್ಯೂಟರಿನಲ್ಲಿ ಉಳಿಯುವುದು ತಿದ್ದಿದ ರೂಪ ಮಾತ್ರ. ವರದಿಗಾರನ ಫೋನು ಜಪ್ತಿಯಾಗಿತ್ತು, ಅವನೂ ಊರು ಬಿಟ್ಟಿದ್ದ. ಮುದುಕ ನಿಜಕ್ಕೂ ಏನಂದ ಎಂಬುದಕ್ಕೆ ಲೋಕದಲ್ಲಿ ಉಳಿದಿದ್ದ ಬರಹದ ಗುರುತು ಆ ಒಂದು ಹಾಳೆ. ಅದರ ಮೇಲೆ ಅವರದೇ ಕೆಂಪು ಗೀರು, ಮೂಲೆಯಲ್ಲಿ ಅವರದೇ ಸಹಿ.

"ಹರಿದು ಹಾಕಬಹುದಿತ್ತು" ಎನ್ನುತ್ತಾರೆ. "ಸುಳ್ಳು ಯಾಕೆ ಹೇಳ್ಲಿ, ಅರ್ಧ ಗಂಟೆ ಅದನ್ನೇ ಯೋಚಿಸಿದೆ."

ಹರಿಯಲಿಲ್ಲ. ವಾರದ ರಜೆಯ ದಿನ ಬಸ್ಸು ಹತ್ತಿ ಬೆಟ್ಟಕ್ಕೆ ಹೋದರು. ಒಂದು ತಪ್ಪು ತಿದ್ದಲು ಹೋಗಿ ಇನ್ನೊಂದು ಮಾಡಬಾರದಲ್ಲ. ದಾರಿಯಲ್ಲಿ ಎರಡು ಕಡೆ ತಪಾಸಣೆ. ಚೀಲ ತೆರೆಸಿದರು, ನಿಘಂಟಿನ ಪುಟ ಕೊಡವಿದರು. ಹಾಳೆಯನ್ನು ಅವರು ಮನೆಯಲ್ಲೇ ಬಿಟ್ಟು ಬಂದಿದ್ದರು.

ಮುದುಕ ಕಲ್ಲಿನ ಮೇಲೆ ಕೂತು ಚಪ್ಪಲಿ ಹೊಲಿಯುತ್ತಿದ್ದ. ಮುಂದಿನ ಹಲ್ಲುಗಳಿಲ್ಲ. ಕರಡಕ್ಕ ವಿಷಯ ಎತ್ತಿದ ಕೂಡಲೇ ಸೂಜಿ ಕೆಳಗಿಟ್ಟ.

"ಮಂದಿ ಅಂದ್ಯಾ, ಮಂದೆ ಅಂದ್ಯಾ ಅಂತ ಪೊಲೀಸ್ರು ನಾಲ್ಕು ಸಲ ಕೇಳಿದ್ರು ತಂಗೀ. ನಾಲ್ಕನೇ ಸಲಕ್ಕೆ ನಂಗೇ ಅನುಮಾನ ಬಂತು. ನಿನ್ನ ಬಾಯಲ್ಲಿ ಹಲ್ಲಿಲ್ಲ, ನೀನು ಏನಂದ್ರೂ ಒಂದೇ ಅಂದ್ರು."

"ಎಷ್ಟು ಕುರಿ ಅಜ್ಜ ನಿಂದು?"

"ಮೂವತ್ತೆಂಟು. ಬಂದ ಟೀವಿ ಹುಡುಗರಿಗೆ ಅಷ್ಟೇ ಹೇಳಿದ್ದು. ಅದನ್ನೂ ಮಂದಿ ಮಾಡ್ಕೊಂಡ್ರು."

ಅವಳ ಬಗ್ಗೆ ಕೇಳಿದಾಗ ಮುದುಕ ನಕ್ಕ. ಬೆಟ್ಟದವರು ಅವಳಿಗೆ ಕೊಕ್ಕರೆ ಅಂತ ಹೆಸರಿಟ್ಟಿದ್ದಾರೆ. ನಾಯಿ ಕಂಡರೆ ಹೆದರುತ್ತಾಳೆ. ಹಾಡಲು ಶುರು ಮಾಡಿದರೆ ಕುರಿಗಳು ಚದುರುತ್ತವೆ, ಅದಕ್ಕೇ ಬಾಯಿ ಮುಚ್ಚಿಕೊಂಡು ನಡಿ ಎಂದು ಸನ್ನೆ ಮಾಡಬೇಕು. "ಅವಳಿಗೆ ದಿನಗೂಲಿ ಬರುತ್ತೆ ಅಂತಾರಲ್ಲ ಟೀವೀಲಿ. ಇದು ಅವಳದೇ ಚಪ್ಪಲಿ ನೋಡು, ಮೂರನೇ ಸಲ ಹೊಲೀತಿರೋದು. ಅವಳ ಮನಸಲ್ಲಿ ಏನಿದೆ ಅಂತ ನಂಗೊತ್ತಿಲ್ಲಪ್ಪ, ಅವಳ ಮಾತೇ ನಂಗೆ ತಿಳಿಯಲ್ಲ. ಕಣ್ಣಲ್ಲಿ ಕಂಡಿದ್ದು ಹೇಳ್ತೀನಿ. ಬರ್ತಿದ್ಲು, ನಿಂತ್ಕೋತಿದ್ಲು. ಅಷ್ಟೇ ಕೆಲಸ."

ಆಗ ಕರಡಕ್ಕ, ಅಕ್ಷರ ಬದಲಿಸಿದ್ದು ನಾನು ಎಂದರು. ಮುದುಕ ಕೆಳಗಿಟ್ಟಿದ್ದ ಸೂಜಿಯನ್ನು ಮತ್ತೆ ಎತ್ತಿಕೊಂಡ.

"ನಿಂಗೆ ಕುರಿ ಗೊತ್ತಿಲ್ಲ."

"ಇಲ್ಲಜ್ಜ."

"ಹೋಗ್ಲಿ. ಅಕ್ಷರ ಗೊತ್ತಲ್ಲ, ಹೋಗಿ ಸರಿ ಮಾಡು."

ಸರಿ ಮಾಡುವುದು ಅಷ್ಟು ಸಲೀಸಿರಲಿಲ್ಲ. ಮುಖ್ಯ ಉಪಸಂಪಾದಕರು ಹಾಳೆ ನೋಡಿ ತಲೆ ಹಿಡಿದುಕೊಂಡರು. "ಊರು ಕಾದ ಹೆಂಚಾಗಿದೆ ಅಕ್ಕಾ. ಈಗ ನೀರು ಚಿಮುಕಿಸಿದ್ರೆ ನಮ್ಮ ಮುಖಕ್ಕೇ ಹಾರುತ್ತೆ."

"ತಪ್ಪು ನಂದು ಸಾರ್. ಮುಖಾನೂ ನಂದೇ ಇರ್ಲಿ."

"ಮುಖ ನಿಮ್ದು. ಬಾಗಿಲ ಗಾಜು ನಮ್ದು."

ಕೊನೆಗೆ ಆರನೆಯ ಪುಟದಲ್ಲಿ, ಹವಾಮಾನದ ಕೆಳಗೆ ಒಂದೂವರೆ ಸಾಲಿನ ತಿದ್ದುಪಡಿಗೆ ಒಪ್ಪಿಗೆ ಸಿಕ್ಕಿತು. ಅದರ ಕರಡನ್ನೂ ಕರಡಕ್ಕನೇ ನೋಡಿದರು. ಅಲ್ಲಿ ಹೀಗಿತ್ತು: 'ಮಂದಿ ಎಂದಿರುವುದನ್ನು ಮಂದಿ ಎಂದು ಓದಿಕೊಳ್ಳಬೇಕು.' ಪುಟ ಕಟ್ಟುವವನು ಸರಿಯಾಗಿಯೇ ಟೈಪು ಮಾಡಿದ್ದ, ತಂತ್ರಾಂಶ ತಾನಾಗಿ ಬದಲಿಸಿತ್ತು.

"ಮಷೀನಿಗೂ ಮಂದೆ ಗೊತ್ತಿಲ್ಲ ಅಕ್ಕಾ" ಎಂದ ಅವನು.

"ಪೇಟೆ ಮಷೀನು ಕಣೋ ಅದು. ನನ್ನ ಹಾಗೇ."

ತಿದ್ದುಪಡಿಯನ್ನು ಓದಿದವರು ಕಡಿಮೆ. ಓದಿದ ಒಂದು ವಾಹಿನಿ ಅದನ್ನೇ ಸುದ್ದಿ ಮಾಡಿತು: 'ವಿದೇಶಿ ಒತ್ತಡಕ್ಕೆ ಮಣಿದು ಮಾತು ತಿರುಚಿದ ಪತ್ರಿಕೆ. ಒಳಗಿರುವ ದ್ರೋಹಿ ಯಾರು?' ಅಂದಿನಿಂದ ಕಚೇರಿಯ ಫೋನು ದಿನವಿಡೀ ಬಡಿದುಕೊಳ್ಳುತ್ತದೆ. ಎತ್ತಿದರೆ ಬೈಗುಳ, ಇಲ್ಲವೇ ಉಸಿರು. ಉಸಿರಿಗಿಂತ ಬೈಗುಳ ವಾಸಿ ಎನ್ನುತ್ತಾರೆ ಕರಡಕ್ಕ. ಬೈಯುವವನಿಗೆ ಏನು ಬೇಕೆಂದು ಕನಿಷ್ಠ ತಿಳಿಯುತ್ತದೆ.

ಬಂಧಿತಳ ವಕೀಲೆ ಆ ಒಂದೂವರೆ ಸಾಲು ಹಿಡಿದುಕೊಂಡು ಕಚೇರಿಗೆ ಬಂದರು. ಮೂಲ ಕರಡು ಬೇಕು, ತಿದ್ದಿದವರೂ ಬೇಕು ಎಂದರು. ಯೋಚಿಸಲು ಕರಡಕ್ಕ ಎರಡು ದಿನ ಕೇಳಿದರು. ಎರಡನೆಯ ದಿನ ಗಂಡನ ಫೋನು ಬಂತು, ರಜೆ ಹಾಕಿ ಬರಲೇ ಎಂದು. "ಬಂದು ಏನ್ಮಾಡ್ತೀರಾ, ಜೊತೆಗೆ ಹೆದರ್ತೀರಾ? ಹೆದರೋಕೆ ಮನೇಲಿ ಒಬ್ರು ಸಾಕು" ಎಂದು ಇವರು ಫೋನಿಟ್ಟರು. ಇಟ್ಟ ಮೇಲೆ, ಬನ್ನಿ ಅನ್ನಬೇಕಿತ್ತು ಅನ್ನಿಸಿತಂತೆ. ಮರುದಿನ ವಕೀಲೆಗೆ ಹೂಂ ಅಂದರು.

ಸಾಕ್ಷಿಗಳ ಪಟ್ಟಿ ಹೊರಬಿದ್ದ ಮರುಬೆಳಗ್ಗೆ ಕರಡಕ್ಕ ಕೆಲಸಕ್ಕೆ ಹೊರಟಾಗ ಗೇಟಿನ ಚಿಲಕಕ್ಕೆ ಕಿತ್ತಳೆ ಬಟ್ಟೆಯ ತುಂಡೊಂದು ಕಟ್ಟಿತ್ತು. ಜೊತೆಯವರ ಮೇಲಂಗಿಯದೇ ಬಣ್ಣ. ಬೇರೇನಿಲ್ಲ, ಚೀಟಿಯಿಲ್ಲ, ಕಲ್ಲಿಲ್ಲ. ಮನೆ ಗೊತ್ತು ಎಂದು ಹೇಳಲು ಅಷ್ಟು ಸಾಕು. ಕೈ ಮುಟ್ಟಲು ಒಪ್ಪದೆ ಅವರು ಒಳಗೇ ನಿಂತರು. ಅತ್ತೆ ಬಂದು ಗಂಟು ಬಿಚ್ಚಿ, ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಒಳ್ಳೇ ದಪ್ಪ ಬಟ್ಟೆ. ಮಸಿಬಟ್ಟೆ ಹರಿದು ಹೋಗಿತ್ತು."

ಈಗ ಆ ಮನೆಯಲ್ಲಿ ಒಲೆಯ ಮೇಲಿನ ಪಾತ್ರೆ ಇಳಿಸುವುದು ಅದರಲ್ಲೇ. ಹಾಗೆಂದು ಅತ್ತೆ ಪಕ್ಷ ಬದಲಿಸಿದ್ದಾರೆ ಎಂದೇನಲ್ಲ. ಬೆಂಕಿಯಿಲ್ಲದೆ ಹೊಗೆ ಬರಲ್ಲ, ಆ ಹುಡುಗಿ ಏನೋ ಮಾಡಿರ್ತಾಳೆ ಎಂದು ಈಗಲೂ ಹೇಳುತ್ತಾರೆ. ಆದರೆ ನ್ಯಾಯಾಲಯಕ್ಕೆ ಸೇರುವವರೆಗೆ ಆ ಕೆಂಪು ಗೀರಿನ ಹಾಳೆ ಹನ್ನೊಂದು ದಿನ ಇದ್ದದ್ದು ಅವರ ಹಾಸಿಗೆಯ ಕೆಳಗೆ. "ನನ್ನ ಎಬ್ಬಿಸಿ ಅದನ್ನ ತಗೊಂಡು ಹೋಗೋನು ಇನ್ನೂ ಹುಟ್ಟಿಲ್ಲ" ಎಂದಿದ್ದರು. ಅಷ್ಟೂ ದಿನ ಅವರು ಮಧ್ಯಾಹ್ನವೂ ಹಾಸಿಗೆ ಬಿಟ್ಟು ಏಳಲಿಲ್ಲ, ಟೀವಿಯನ್ನೇ ಕೋಣೆಗೆ ತರಿಸಿಕೊಂಡರು.

ಸೋಮವಾರದ ಬಗ್ಗೆ ಕೇಳಿದರೆ ಕರಡಕ್ಕ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಾರೆ. ಎದುರಿನ ವಕೀಲರು ಏನು ಕೇಳಬಹುದೆಂದು ವಕೀಲೆ ಹೇಳಿಕೊಟ್ಟಿದ್ದಾರೆ. ಇದೊಂದು ತಪ್ಪು ಮಾಡಿದವರು ಇನ್ನೆಷ್ಟು ಮಾಡಿದ್ದೀರಿ ಅನ್ನುತ್ತಾರೆ. ಅದಕ್ಕೆ ಉತ್ತರವಿದೆ. ಕಣ್ತಪ್ಪಿ ಅಚ್ಚಾದ ಪ್ರತಿ ತಪ್ಪನ್ನೂ ಅವರು ಮೊದಲ ದಿನದಿಂದ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಇಪ್ಪತ್ತಾರು ವರ್ಷಕ್ಕೆ ನಾನೂರ ಹನ್ನೆರಡು. "ನಾನೂರ ಹನ್ನೊಂದಕ್ಕೆ ನಾಚಿಕೆ ಆಗುತ್ತೆ. ಕೊನೇದಕ್ಕೆ ನಿದ್ದೆ ಬರಲ್ಲ."

ಕೆಲಸ ಉಳಿಯುತ್ತದೆಯೇ? ಗೊತ್ತಿಲ್ಲ. ಮುಖ್ಯ ಉಪಸಂಪಾದಕರು ಈಚೆಗೆ ಮುಖ ಕೊಟ್ಟು ಮಾತಾಡುತ್ತಿಲ್ಲ. ಕೊಕ್ಕರೆ ಬಿಡುಗಡೆಯಾಗುತ್ತಾಳೆಯೇ? ಅದೂ ಗೊತ್ತಿಲ್ಲ; ಒಂದು ಎತ್ವದಿಂದ ಬಾಗಿಲು ತೆರೆಯುವುದಾದರೆ ತೆರೆಯಲಿ. ಅವಳನ್ನು ಇವರು ಇವತ್ತಿನವರೆಗೆ ಕಂಡಿಲ್ಲ.

ಹೊರಗೆ ಬೀದಿಯಲ್ಲಿ ಬೈಕೊಂದು ನಿಲ್ಲುತ್ತದೆ. ಪೆನ್ನು ಗಾಳಿಯಲ್ಲೇ ನಿಲ್ಲುತ್ತದೆ. ಬೈಕು ಮತ್ತೆ ಹೊರಟು ಅದರ ಸದ್ದು ಪೂರ್ತಿ ಅಡಗಿದ ಮೇಲೆ ಅಡಿಪಟ್ಟಿ ಒಂದು ಸಾಲು ಕೆಳಗೆ ಸರಿಯುತ್ತದೆ. ಗಂಟೆ ಆರೂವರೆ. ಇನ್ನೂ ಏಳು ಪುಟ ಬಾಕಿ.

"ಒಂದೇ ಆಸೆ" ಎನ್ನುತ್ತಾರೆ, ತಲೆ ಎತ್ತದೆ. "ಕೋರ್ಟಲ್ಲಿ ನಾವು ಹೇಳಿದ್ದನ್ನ ಕೂತು ಟೈಪ್ ಮಾಡ್ಕೋತಾರಲ್ಲ, ಅವರು ಗುಡಿಸು ಎತ್ವ ನೋಡಿ ಟೈಪ್ ಮಾಡ್ಲಿ. ಮುಗಿದ ಮೇಲೆ ಸಹಿ ಹಾಕೋಕೆ ಮುಂಚೆ ಒಂದು ಸಲ ಕರಡು ನಂಗೆ ಕೊಡಿ ಅಂತ ಕೇಳಬೇಕು ಅಂತಿದ್ದೀನಿ. ಅಡಿಪಟ್ಟಿ ತಗೊಂಡೇ ಹೋಗ್ತೀನಿ."