ಹಿತ್ತಲಿನ ಎರಡು ದಾಳಿಂಬೆ ಗಿಡ

“ತ್ವಾಟದ್ದು ಬ್ಯಾಡ್ರಿ ಸಾವ್ಕಾರ್ರ. ಹಿತ್ತಲ ಗಿಡದ್ದು ಎರಡು ಕೊಡ್ರಿ, ನಿಮ್ಮ ಮೊಮ್ಮಕ್ಕಳು ತಿಂತಾವಲ್ರಿ, ಅವು.”

ಬಂಡ್ರಿ ಹತ್ತಿರದ ನನ್ನ ತೋಟಕ್ಕೆ ದಾಳಿಂಬೆ ಕೊಯ್ಯಲು ಬಂದಿದ್ದ ಹುಲಿಗೆಮ್ಮ ಹೀಗೆಂದಾಗ, ಅವಳ ಬಸುರಿ ಮಗಳಿಗೆಂದು ನಾನು ದೊಡ್ಡ ಮನಸ್ಸು ಮಾಡಿ ಆರಿಸಿದ್ದ ನಾಲ್ಕು ಹಣ್ಣು ನನ್ನ ಕೈಯಲ್ಲೇ ಉಳಿದವು. ಫಳಫಳ ಹೊಳೆಯುವ ಹಣ್ಣು. ಹೊಳೆಯದೆ ಏನು? ಬೂಷ್ಟಿನ ಕಪ್ಪು ಚುಕ್ಕೆ ಬಿದ್ದೀತೆಂದು ವಾರ ತಪ್ಪದೆ ಔಷಧಿ ಹೊಡೆಸಿದ್ದೆ. ಮೋಡ ಕಂಡರೆ ಒಂದು ಸಲ, ಮೋಡ ಹೋದರೆ ಇನ್ನೊಂದು ಸಲ. ದೇವರಿಗೂ ಅಷ್ಟು ನಿಯಮದಿಂದ ಕೈಮುಗಿದವನಲ್ಲ ನಾನು. ಮನೆಯವರಿಗಾಗಿ ಮಾತ್ರ ಹಿತ್ತಲಲ್ಲಿ ಎರಡು ಗಿಡಗಳನ್ನು ಔಷಧಿ ಸೋಕಿಸದೆ ಬೆಳೆಸಿದ್ದೆ. ಈ ಜಾಣತನ ಯಾರಿಗೂ ಗೊತ್ತಿಲ್ಲವೆಂದು ನಂಬಿದ್ದೆ. ಔಷಧಿ ಹೊಡೆಯುತ್ತಿದ್ದವನೇ ಹುಲಿಗೆಮ್ಮನ ಗಂಡ!

“ಹಂಗಾರ ಇವನ್ನ ಯಾರು ತಿನ್ಬೇಕವ್ವ?” ಎಂದು ನಗಲು ನೋಡಿದೆ.

“ಅದನ್ನ ನೀವಾ ಹೇಳ್ರಿ,” ಎಂದಳು. ಅವಳು ನಗಲಿಲ್ಲ.

ಹಿತ್ತಲಿಗೆ ಹೋಗಿ ಹಣ್ಣು ಕಿತ್ತುಕೊಟ್ಟೆ. ಅಲ್ಲಿ ಚುಕ್ಕೆಯೂ ಹೆಚ್ಚಿರಲಿಲ್ಲ. ನನ್ನ ಹೆಂಡತಿ ಒತ್ತಾದ ಟೊಂಗೆಗಳನ್ನು ಕತ್ತರಿಸಿ, ಉದುರಿದ ಕೊಳೆತ ಹಣ್ಣನ್ನು ದಿನಾ ಆರಿಸಿ ಹೂಳುತ್ತಿದ್ದಳು, ಅಷ್ಟೆ. ಅದನ್ನೊಂದು ಕೆಲಸವೆಂದು ನಾನು ಎಣಿಸಿರಲೇ ಇಲ್ಲ.

ಈಗ ಇಡೀ ತೋಟಕ್ಕೂ ಅದೇ ಆರೈಕೆ. ಮಳೆ ಹಿಡಿದು ಚುಕ್ಕೆ ಕಂಡರೆ ಮಾತ್ರ ಔಷಧಿ; ಕೊಯ್ಲು ಹತ್ತಿರ ಬಂದರೆ ಅದೂ ಇಲ್ಲ. ಆದರೆ ಇಷ್ಟು ವರ್ಷ ಹೊಸಪೇಟೆಯ ಅಂಗಡಿಗಳಲ್ಲಿ ನನ್ನ ಹಣ್ಣು ಕೊಂಡು ಬಸುರಿಯರಿಗೆ, ಕಾಯಿಲೆಯವರಿಗೆ ಒಯ್ದವರ ಹೆಸರೂ ನನಗೆ ಗೊತ್ತಿಲ್ಲ. ಅದಕ್ಕೇ, ತಪ್ಪಾಯಿತೆಂದು ಪತ್ರಿಕೆಗೆ ಬರೆಯುತ್ತಿದ್ದೇನೆ.