ಯಾವ ಶಾಲೆಯ ದಸರಾ ರಜೆ?

ತೆಲಂಗಾಣ ಪ್ರತ್ಯೇಕ ರಾಜ್ಯವಾಗಿ ಕೆಲವು ವರ್ಷಗಳಾಗಿದ್ದವು. ನಾನಾಗ ಅಲ್ಲಿನ ನಾರಾಯಣಗೂಡದಲ್ಲಿ ವಕೀಲನಾಗಿದ್ದೆ. ಕೌಟುಂಬಿಕ ಒಪ್ಪಂದಗಳನ್ನು ಬರೆಯುವುದು ನನ್ನ ಮುಖ್ಯ ಕೆಲಸ. ಒಂದು ದಿನ ಮಲ್ಕಾಜ್‌ಗಿರಿಯ ಶೈಲಜಾ ಬಂದರು. ರೈಲ್ವೆ ಕಚೇರಿಯಲ್ಲಿ ನೌಕರಿ. ವಿಚ್ಛೇದನದ ನಂತರ ಮಗಳು ಪಲ್ಲವಿ ಇವರ ಬಳಿ ಇದ್ದಳು. ಮಾಜಿ ಪತಿ ಬಸವರಾಜ ಕಲಬುರಗಿಯಲ್ಲಿ ಮೋಟಾರು ದುರಸ್ತಿ ಅಂಗಡಿ ಇಟ್ಟಿದ್ದರು.

ಬೇರೊಬ್ಬ ವಕೀಲರು ಬರೆದ ಅವರ ಒಪ್ಪಂದದಲ್ಲಿ, ‘ದಸರಾ ರಜೆಯಲ್ಲಿ ಮಗಳು ತಂದೆಯ ಬಳಿ ಇರತಕ್ಕದ್ದು’ ಎಂದಷ್ಟೇ ಇತ್ತು. ಕರ್ನಾಟಕದ ಶಾಲೆಗಳಿಗೆ ರಜೆ ಬಿಟ್ಟೊಡನೆ ಬಸವರಾಜ ಮಗಳನ್ನು ಕರೆದೊಯ್ಯಲು ಬಂದಿದ್ದರು. ಇಲ್ಲಿ ಅವಳಿಗೆ ಪರೀಕ್ಷೆ ನಡೆಯುತ್ತಿತ್ತು. ಶೈಲಜಾ ಕಳಿಸಲಿಲ್ಲ. ಬಸವರಾಜ ಬರಿಗೈಯಲ್ಲಿ ಮರಳಿದರು. ಆಮೇಲೆ ಅವರ ಕಡೆಯಿಂದ ಶೈಲಜಾಗೆ ನೋಟಿಸು ಬಂತು.

ಕೋರ್ಟಿಗೆ ಹೋಗುವ ಮೊದಲು ಒಮ್ಮೆ ಕೂತು ಮಾತಾಡೋಣವೆಂದು ಇಬ್ಬರನ್ನೂ ಕರೆಸಿದೆ.

“ನಮ್ಮ ಕಡೆ ಸೂಟಿ ಬಿಟ್ಟಿತ್ರಿ. ಕೂಸಿಗೆ ಅಂತ ಆಕಿ ಸೈಜಿನ ಸೈಕಲ್ ತಂದಿಟ್ಟಿದ್ದೆ,” ಎಂದರು ಬಸವರಾಜ. ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು.

ಒಪ್ಪಂದವು ತನ್ನ ಹೊರಗಿನ ಯಾವುದನ್ನಾದರೂ ನೆಚ್ಚಿದರೆ, ಅದು ಯಾರು ಪ್ರಕಟಿಸಿದ್ದು, ಯಾವ ವರ್ಷದ್ದು, ಬದಲಾದರೆ ಏನು ಎಂಬುದನ್ನೆಲ್ಲ ವ್ಯಾಖ್ಯೆಯಲ್ಲೇ ಬರೆಯಬೇಕು. ನಾನು ಬರೆದು ಓದಿದೆ: ‘ರಜೆ ಎಂದರೆ, ಮಗಳು ಆಗ ಓದುತ್ತಿರುವ ಶಾಲೆಯು ಆಯಾ ವರ್ಷಕ್ಕೆ ಪ್ರಕಟಿಸುವ ಕ್ಯಾಲೆಂಡರಿನಲ್ಲಿನ ರಜೆ. ಶಾಲೆ ಅದನ್ನು ಬದಲಿಸಿದರೆ, ಬದಲಾದದ್ದೇ ಅನ್ವಯ.’

ಬಸವರಾಜ ತಲೆ ತಗ್ಗಿಸಿಯೇ ಕೇಳಿದರು: “ಬರೋಬ್ಬರಿ ಐತ್ರಿ. ಆದ್ರ ಆ ಕ್ಯಾಲೆಂಡರ್ ನನಗ ಯಾರು ಕೊಡ್ತಾರ್ರಿ? ಸಾಲಿಯವ್ರ ಹತ್ರ ನನ್ನ ನಂಬರೇ ಇಲ್ಲ.”

ಅದನ್ನು ನಾನು ಬರೆದಿರಲಿಲ್ಲ. ಶೈಲಜಾ ಫೋನ್ ತೆಗೆದು ಶಾಲೆಗೆ ಕರೆ ಮಾಡಿ, ತೆಲುಗಿನಲ್ಲಿ ಬಸವರಾಜರ ನಂಬರನ್ನು ನಿಧಾನವಾಗಿ ಹೇಳಿದರು. ಅದು ಅವರಿಗೆ ಇನ್ನೂ ಬಾಯಿಪಾಠವಿತ್ತು.

“ಪೇರೆಂಟ್ಸ್ ಗ್ರೂಪಿಗೆ ಸೇರಸ್ತಾರಂತ,” ಎಂದು ನನ್ನ ಕಡೆ ತಿರುಗಿ ಹೇಳಿದರು. “ತಂದಿ ಅಂತನ ಬರಸೀನಿ.”

ಬಸವರಾಜ ಕರವಸ್ತ್ರದಿಂದ ಮುಖ ಒರೆಸಿಕೊಂಡರು.

ಮುಂದಿನ ದಸರೆಗೆ ಮಳೆಯಿಂದಾಗಿ ಶಾಲೆ ರಜೆಯನ್ನು ಮುಂದೂಡಿತು. ಸುದ್ದಿ ಇಬ್ಬರಿಗೂ ಒಟ್ಟಿಗೇ ತಲುಪಿತು. ಬಸವರಾಜ ಟಿಕೆಟ್ ಬದಲಿಸಿಕೊಂಡು ಬಂದು ಮಗಳನ್ನು ಕರೆದೊಯ್ದರು. ಆ ಗ್ರೂಪಿನಲ್ಲಿ ಬರುವುದು ರಜೆಯ ಸುದ್ದಿಯೊಂದೇ ಅಲ್ಲವಲ್ಲ. ಚಿತ್ರಕಲಾ ಸ್ಪರ್ಧೆಯ ದಿನವೂ ಅವರು ಶಾಲೆಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರಂತೆ. ಶೈಲಜಾ ಮುಂದೊಮ್ಮೆ ಸಿಕ್ಕಾಗ ಹೇಳಿದರು: “ಒಪ್ಪಂದದಾಗ ಇದು ಇಲ್ಲಲ್ಲ ಅಂತ ನಾ ಅನ್ನಲಿಲ್ರಿ. ಪಲ್ಲವಿ ಭಾಳ ಖುಷಿಯಾಗಿದ್ಲು.”

ಹೊರಗಿನ ಆಧಾರವನ್ನು ಖಚಿತವಾಗಿ ಹೆಸರಿಸುವುದನ್ನು ನನಗೆ ಕಾನೂನು ಕಲಿಸಿತ್ತು. ಅದು ಇಬ್ಬರ ಕೈಗೂ ಎಟುಕುತ್ತದೆಯೇ ಎಂದು ಕೇಳುವುದನ್ನು ಕಲಿತದ್ದು ಅವತ್ತು.